ಡಿಸೆಂಬರ್ ಕೊನೆಗೆ ಜೋಗಿಮಟ್ಟಿಯಲ್ಲಿ ಮಂಜು ಸಿಗುತ್ತದಾ? ದುರ್ಗ–ದಾವಣಗೆರೆ ಕಡೆ ಚಳಿಗಾಲ ನೋಡಲು ಎಲ್ಲಿಗೆ ಹೋಗಬೇಕು?

ಬೆಣ್ಣೆದೋಸೆ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಡಿಸೆಂಬರ್ ಕೊನೆ ವಾರ ನಮ್ಮ ಅಕ್ಕ, ಭಾವ, ಇಬ್ಬರು ಮಕ್ಕಳು ಮಂಗಳೂರಿನಿಂದ ಬರುತ್ತಿದ್ದಾರೆ. ಭಾವ ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಸ್ವೆಟರನ್ನು ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ ಅಂತ ಅಕ್ಕ ಆಡಿಕೊಳ್ಳುತ್ತಾಳೆ. ಅವರಿಗೆ ಈ ಸಲ ಚಳಿ ಬೇಕಂತೆ, ಮಂಜು ಬೇಕಂತೆ, ಬೆಟ್ಟ ಬೇಕಂತೆ, ಜೊತೆಗೆ ಒಂದೆರಡು ಹಳ್ಳಿಯನ್ನೂ ನೋಡಬೇಕಂತೆ.

ಯಾರನ್ನು ಕೇಳಿದರೂ ಚಿಕ್ಕಮಗಳೂರಿಗೆ ಹೋಗಿ ಅಂತಾರೆ. ವರ್ಷದ ಕೊನೆ ವಾರ ಅಲ್ಲಿ ಬೆಟ್ಟಕ್ಕಿಂತ ಕಾರುಗಳೇ ಜಾಸ್ತಿ. ಸಾಲಲ್ಲಿ ನಿಂತು ಮಂಜು ನೋಡುವ ಆಸೆ ನನಗಿಲ್ಲ. ನಮ್ಮ ಕಡೆಯೇ ಏನಾದರೂ ತೋರಿಸೋಣ ಅಂತ ಹಠ. ಜೋಗಿಮಟ್ಟಿಗೆ ನಾನು ಮಳೆಗಾಲದಲ್ಲಿ ಹೋಗಿದ್ದೆ, ಹತ್ತಡಿ ಮುಂದೆ ಏನೂ ಕಾಣದಷ್ಟು ಮಂಜಿತ್ತು. ಡಿಸೆಂಬರಿನಲ್ಲೂ ಹಾಗೇ ಇರುತ್ತದಾ? ಬೆಳಿಗ್ಗೆ ಬೇಗ ಮೇಲೆ ಹೋಗಿ ಸೂರ್ಯೋದಯ ನೋಡಬಹುದಾ? ಸುತ್ತಮುತ್ತ ಹಳ್ಳಿಗಳಿಗೆ ಸುಮ್ನೆ ಹೋದರೆ ಜನ ಏನೂ ಅಂದುಕೊಳ್ಳುವುದಿಲ್ಲವಾ?

ಅಪ್ಪನಿಗೆ ಮಂಡಿನೋವು, ಜಾಸ್ತಿ ಹತ್ತಿಸುವ ಜಾಗ ಬೇಡ. ಕಾರಿದೆ. ಎರಡು ದಿನ ಕೈಯಲ್ಲಿದೆ.

ಕೋಟೆ ಕೆಳಗಿನ ಮನೆ:

ದುರ್ಗದವಳು ನಾನು, ಜೋಗಿಮಟ್ಟಿ ನಮ್ಮ ಹಿತ್ತಲಲ್ಲೇ ಇದೆ. ಹಾಗಾಗಿ ಉಳಿದವರು ಆಸೆ ಹುಟ್ಟಿಸುವ ಮೊದಲು ನಾನೇ ಹೇಳಿಬಿಡುತ್ತೇನೆ.

ನೀವು ಮಳೆಗಾಲದಲ್ಲಿ ಕಂಡ ಮಂಜು ಡಿಸೆಂಬರ್ ಕೊನೆಗೆ ಅಲ್ಲಿ ಸಿಗುವುದಿಲ್ಲ. ಅದೃಷ್ಟ ಇದ್ದರೆ ಒಂದು ದಿನ ಸಿಕ್ಕೀತು, ಅದನ್ನು ನಂಬಿಕೊಂಡು ಮಂಗಳೂರಿನವರನ್ನು ಕರೆತರಬೇಡಿ. ಜುಲೈನಿಂದ ನವೆಂಬರ್ ಶುರುವಿನ ತನಕ ಬೆಟ್ಟ ಹಸಿರಾಗಿರುತ್ತದೆ, ಮೋಡ ಬಂದು ರಸ್ತೆ ಮೇಲೇ ಕೂರುತ್ತದೆ. ಊರವರು ನಮ್ಮ ಊಟಿ ಅಂತ ಹೊಗಳುವುದು ಆ ದಿನಗಳನ್ನು ನೋಡಿ. ಡಿಸೆಂಬರ್ ಕೊನೆಗೆ ಹುಲ್ಲು ಹಳದಿ ತಿರುಗಿರುತ್ತದೆ, ಗಾಳಿ ಒಣಗಿರುತ್ತದೆ.

ಆದರೆ ಆಗ ಕಣ್ಣು ಹಾಯಿಸಿದಷ್ಟು ದೂರ ಕಾಣುತ್ತದೆ. ಮಳೆಗಾಲದಲ್ಲಿ ಹೋದವರಿಗೆ ಇದು ಗೊತ್ತೇ ಇರುವುದಿಲ್ಲ. ಸಮುದ್ರ ಮಟ್ಟದಿಂದ 1300 ಮೀಟರ್‌ಗಿಂತ ಎತ್ತರದ ಜಾಗ ಅದು. ಒಂದು ಕಡೆ ಕೋಟೆಯ ಬಂಡೆಗಳು, ಇನ್ನೊಂದು ಕಡೆ ಸಾಲು ಗುಡ್ಡದ ಮೇಲೆ ಗಾಳಿಯಂತ್ರಗಳು, ಕೆಳಗೆ ಕೆರೆ, ಹೊಲ, ಊರು. ಗಾಳಿ ಮಾತ್ರ ಕಿವಿ ಹಿಡಿಯುವ ಹಾಗೆ ಬೀಸುತ್ತದೆ, ಮಕ್ಕಳಿಗೆ ಟೋಪಿ ಇರಲಿ.

ಸೂರ್ಯೋದಯದ ಲೆಕ್ಕ ಹಾಕಬೇಡಿ. ಅದು ವನ್ಯಧಾಮ. ಅರಣ್ಯ ಇಲಾಖೆಯ ಗೇಟ್ ತೆರೆದ ಮೇಲೇ ಒಳಗೆ ಬಿಡುತ್ತಾರೆ, ಸಂಜೆ ಕತ್ತಲಾಗುವ ಮೊದಲೇ ಇಳಿಯಬೇಕು. ಸಮಯ, ವಾಹನ, ಶುಲ್ಕ ಎಲ್ಲ ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಆಗಾಗ ಬದಲಾಗುತ್ತದೆ. ಚಿರತೆ, ಕರಡಿ ಇರುವ ಕಾಡು. ಗೇಟ್ ಮುಚ್ಚಿದ್ದರೆ ಪಕ್ಕದ ದಾರಿಯಲ್ಲಿ ನುಗ್ಗೋಣ ಅನ್ನುವ ಸಾಹಸ ಬೇಡ. ಬುಡದಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ ಇದೆ, ಮಕ್ಕಳಿಗೆ ಅಷ್ಟು ಸಾಕು.

ನಿಜವಾಗಿ ಚಳಿ ಬೇಕಾದರೆ ಬೆಳಿಗ್ಗೆ ಚಂದ್ರವಳ್ಳಿ ಕೆರೆ ದಂಡೆಗೆ ಹೋಗಿ. ಸುತ್ತ ಗುಡ್ಡ, ನಡುವೆ ನೀರು. ಅಪ್ಪ ಹತ್ತುವ ಕೆಲಸ ಇಲ್ಲ. ಕದಂಬರ ಮಯೂರಶರ್ಮನ ಶಾಸನ ಇರುವ ಜಾಗ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದು ಅಗೆದು ನೋಡಿದ ಜಾಗವೂ ಹೌದು. ನನಗೆ ಮಾತ್ರ ಡಿಸೆಂಬರಿನ ಆರೂವರೆ ಗಂಟೆಯ ನೀರು ಮುಖ್ಯ, ಶಾಸನ ಆಮೇಲೆ.

ನಿವೃತ್ತ ಮೇಷ್ಟ್ರು:

ಮೇಲಿನ ಅಕ್ಕ ಹೇಳಿದ್ದು ಸರಿಯಾಗಿದೆ, ಕಾರಣ ಮಾತ್ರ ನಾನು ಹೇಳುತ್ತೇನೆ. ಭೂಗೋಳ ಕಲಿಸಿದವನು, ಸುಮ್ಮನಿರಲು ಆಗುವುದಿಲ್ಲ.

ನಾವು ಮಂಜು ಅಂತ ಕರೆಯುವುದರಲ್ಲಿ ಎರಡು ಬಗೆ ಇವೆ. ಮಳೆಗಾಲದಲ್ಲಿ ನೈಋತ್ಯದ ಗಾಳಿ ತೇವ ಹೊತ್ತು ಬರುತ್ತದೆ. ಜೋಗಿಮಟ್ಟಿ ಸಾಲು ಅಡ್ಡ ಸಿಕ್ಕಾಗ ಆ ಗಾಳಿ ಮೇಲೇರಿ ತಣ್ಣಗಾಗಿ ಮೋಡವಾಗುತ್ತದೆ. ಆಗ ಬೆಟ್ಟದ ಮೇಲೆ ನಿಂತವರು ಮೋಡದ ಒಳಗೇ ನಿಂತಿರುತ್ತಾರೆ. ಡಿಸೆಂಬರಿಗೆ ಗಾಳಿ ಈಶಾನ್ಯದಿಂದ, ಒಳನಾಡಿನಿಂದ ಬರುವ ಒಣ ಗಾಳಿ. ಮೇಲೆ ಮೋಡವಾಗಲು ಅದರಲ್ಲಿ ನೀರಿನ ಅಂಶವೇ ಇರುವುದಿಲ್ಲ.

ಈಗ ಎರಡನೆಯ ಬಗೆ. ಚಳಿಗಾಲದ ರಾತ್ರಿ ಆಕಾಶ ಶುಭ್ರ. ಹಗಲು ಕಾದ ನೆಲ ರಾತ್ರಿಯಿಡೀ ಶಾಖ ಬಿಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣಗಿನ ಗಾಳಿಗೆ ತೂಕ ಜಾಸ್ತಿ. ಹಾಗಾಗಿ ಅದು ಇಳಿಜಾರಿನಲ್ಲಿ ನೀರು ಹರಿದ ಹಾಗೆ ಹರಿದು ಬಂದು ತಗ್ಗಿನಲ್ಲಿ, ಗುಡ್ಡದ ಬುಡದಲ್ಲಿ, ಹಳ್ಳದ ಪಕ್ಕದಲ್ಲಿ ನಿಲ್ಲುತ್ತದೆ. ಅಲ್ಲಿ ಕೆರೆಯೋ ತೋಟವೋ ಗದ್ದೆಯೋ ಇದ್ದು ತೇವ ಸಿಕ್ಕಿತು ಅಂದರೆ ಬೆಳಗಿನ ಜಾವಕ್ಕೆ ಮಂಜು ರೆಡಿ. ಬಿಸಿಲು ಏರಿದ ಮೇಲೆ, ಎಂಟೂವರೆ ಒಂಬತ್ತರ ಹೊತ್ತಿಗೆ, ಮಾಯ.

ಇದರ ತಮಾಷೆ ಏನೆಂದರೆ ಬೆಳಗಿನ ಜಾವ ಬೆಟ್ಟದ ತುದಿಗಿಂತ ಬುಡದ ಹಳ್ಳಿಯಲ್ಲೇ ಚಳಿ ಜಾಸ್ತಿ ಇರಬಹುದು. ಹವಾಮಾನದವರು ಇದನ್ನು ತಾಪದ ವಿಪರ್ಯಯ ಅನ್ನುತ್ತಾರೆ. ಹಗಲಲ್ಲಿ ಮಾತ್ರ ಮಾಮೂಲಿ ಲೆಕ್ಕ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆ. ದುರ್ಗದ ಊರು 700 ಮೀಟರ್ ಚಿಲ್ಲರೆ ಎತ್ತರದಲ್ಲಿದೆ, ಜೋಗಿಮಟ್ಟಿ 1300 ಮೀರಿದೆ. ಅಂದರೆ ಮಧ್ಯಾಹ್ನ ಮೇಲೆ ಮೂರು ನಾಲ್ಕು ಡಿಗ್ರಿ ತಂಪು.

ಹಾಗಾಗಿ ನಿಮ್ಮ ಭಾವನಿಗೆ ಬೆಳಿಗ್ಗೆ ಬುಡ ತೋರಿಸಿ, ಮಧ್ಯಾಹ್ನ ತುದಿ ತೋರಿಸಿ. ಎಲ್ಲರೂ ಇದನ್ನು ಉಲ್ಟಾ ಮಾಡಿ ನಿರಾಸೆ ಪಡುತ್ತಾರೆ.

ದಾವಣಗೆರೆಯಿಂದ ಹೊರಡುವವರಿಗೆ ಬುಡ ಅಂದರೆ ಮೊದಲು ಸೂಳೆಕೆರೆ, ಶಾಂತಿಸಾಗರ. ಚನ್ನಗಿರಿ ತಾಲೂಕು. ಗುಡ್ಡಗಳ ನಡುವಿನ ದೊಡ್ಡ ನೀರು, ಕೆಳಗೆ ಅಡಿಕೆ ತೋಟ, ಮಂಜಿಗೆ ಬೇಕಾದ್ದೆಲ್ಲ ಅಲ್ಲೇ ಇದೆ. ಏರಿಯ ಎರಡು ತೂಬಿಗೆ ಸಿದ್ದ, ಬಸವ ಅಂತ ಹೆಸರು, ಮಕ್ಕಳಿಗೆ ಹೇಳಿ. ಮಲೇಬೆನ್ನೂರು, ಹರಿಹರ ಕಡೆ ಭದ್ರಾ ನಾಲೆಯ ಗದ್ದೆಗಳಲ್ಲೂ ಮಂಜು ಬೀಳುತ್ತದೆ. ಆದರೆ ಡಿಸೆಂಬರ್ ಕೊನೆಗೆ ಮಳೆಗಾಲದ ಭತ್ತ ಕೊಯ್ದು ಮುಗಿದಿರುತ್ತದೆ, ಬೇಸಿಗೆ ಬೆಳೆಯ ನಾಟಿ ಇನ್ನೂ ಆಗಿರುವುದಿಲ್ಲ. ಖಾಲಿ ಗದ್ದೆ ನೋಡಬೇಕಾಗುತ್ತದೆ.

ದಕ್ಷಿಣಕ್ಕೆ ಹೋಗುವುದಾದರೆ ಹಿರಿಯೂರು ತಾಲೂಕಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಎರಡು ಗುಡ್ಡದ ಸಂದಿಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ಅಣೆಕಟ್ಟು, ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿತ್ತು, ಮತ್ತೆ ಕೋಡಿ ನೋಡಲು ಜನ 2022ರ ತನಕ ಕಾಯಬೇಕಾಯಿತು. ಅಷ್ಟು ಬರದ ಸೀಮೆಯಲ್ಲಿ ಅಷ್ಟು ನೀರು.

ಒಂದು ಎಚ್ಚರಿಕೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿ ಮೋಡ ಮುಚ್ಚಿದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಮೋಡ ನೆಲದ ಶಾಖವನ್ನು ಹೊರಗೆ ಬಿಡುವುದಿಲ್ಲ. ಚಳಿಯೂ ಇಲ್ಲ, ಮಂಜೂ ಇಲ್ಲ. ಆ ದಿನ ಮನೆಯಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನಿ.

ಕಾಫಿತೋಟ:

ಕ್ಷಮಿಸಿ, ಇಷ್ಟೆಲ್ಲ ಸರ್ಕಸ್ ಯಾಕೆ? ಮಂಜು ಬೇಕು ಅಂದವರನ್ನು ಬಯಲುಸೀಮೆಯಲ್ಲಿ ಸುತ್ತಿಸುವುದಾ? ಬೆಳಿಗ್ಗೆ ನಾಲ್ಕಕ್ಕೆ ಹೊರಟರೆ ನಮ್ಮ ಕಡೆ ಬರಬಹುದು. ಅಲ್ಲಿ ನೋಡಲು ಏನಿದೆ, ಒಣ ಹುಲ್ಲು, ಕಲ್ಲು, ಜಾಲಿ ಮುಳ್ಳು.

ಕಪ್ಪುನೆಲ:

ಕಾಫಿತೋಟ ಸರ್, ನಿಮ್ಮ ಕಡೆ ಮಂಜಲ್ಲಿ ನಿಂತರೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ, ಅಲ್ವಾ? ನಮ್ಮಲ್ಲಿ ಚಳಿಗಾಲ ಅಂದರೆ ಹೊಲ. ತುರುವನೂರು ಕಡೆಯವನು ನಾನು, ಎರೆ ಭೂಮಿ. ಡಿಸೆಂಬರ್ ಕೊನೆಗೆ ಬಂದು ನೋಡಿ, ಒಣ ಹುಲ್ಲೋ ಏನೋ ಗೊತ್ತಾಗುತ್ತದೆ.

ಮುಂಗಾರಿನ ಬೆಳೆ ತೆಗೆದ ಮೇಲೋ, ಖಾಲಿ ಬಿಟ್ಟ ಹೊಲದಲ್ಲೋ, ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತುತ್ತೇವೆ. ಕಡಲೆ, ಬಿಳಿಜೋಳ, ಕುಸುಬೆ. ಆಮೇಲೆ ಮಳೆ ಬರಲಿ ಬಿಡಲಿ. ಎರೆ ನೆಲ ಹಿಡಿದಿಟ್ಟುಕೊಂಡ ತೇವ ಮತ್ತು ರಾತ್ರಿ ಬೀಳುವ ಇಬ್ಬನಿ, ಇಷ್ಟರಲ್ಲೇ ಬೆಳೆ ಬರಬೇಕು. ಚಳಿ ಚೆನ್ನಾಗಿ ಬಿದ್ದ ವರ್ಷ ಕಡಲೆ ಚೆನ್ನಾಗಿ ಬರುತ್ತದೆ. ನಿಮಗೆ ಚಳಿ ಪ್ರವಾಸ, ನಮಗೆ ಅದೇ ನೀರಾವರಿ.

ಮೇಷ್ಟ್ರು ಮೋಡದ ವಿಷಯ ಹೇಳಿದರು. ಮೋಡ ಬಂದರೆ ನಿಮಗೆ ಮಂಜು ತಪ್ಪುತ್ತದೆ ಅಷ್ಟೇ. ನಮಗೆ ಕಡಲೆಗೆ, ತೊಗರಿಗೆ ಕಾಯಿಕೊರಕ ಹುಳು ಏರುತ್ತದೆ. ಇನ್ನು ದಟ್ಟ ಮಂಜು ದಿನಗಟ್ಟಲೆ ಬಿದ್ದರೆ ಮಾವಿನ ಹೂವಿಗೆ ಬೂದಿರೋಗ. ಯಾರಾದರೂ ಹೊಲದ ಬದುವಿನಲ್ಲಿ ನಿಂತು "ವಾವ್ ಮಂಜು" ಅಂದಾಗ ರೈತ ಮುಖ ಗಂಟು ಹಾಕಿಕೊಂಡಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಬೆಳಿಗ್ಗೆ ಏಳರ ಒಳಗೆ ಕಡಲೆ ಹೊಲಕ್ಕೆ ಬಂದರೆ ಒಂದು ವಿಷಯ ನೋಡಬಹುದು. ಗಿಡದ ಎಲೆ ಮೇಲಿನ ಇಬ್ಬನಿ ನಾಲಿಗೆಗೆ ಹಚ್ಚಿದರೆ ಹುಳಿ. ಕಡಲೆ ಎಲೆಯೇ ಆ ಹುಳಿಯನ್ನು ಬಿಡುತ್ತದೆ. ನಮ್ಮ ಅಜ್ಜಿಯಂದಿರು ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಕಡಲೆ ಹುಳಿಯನ್ನು ಬಾಟಲಿಯಲ್ಲಿ ತುಂಬಿ ಇಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಔಷಧಿ. ಬರಿಗಾಲಲ್ಲಿ ಆ ಹೊಲದಲ್ಲಿ ಓಡಾಡಿದರೆ ಒಡೆದ ಹಿಮ್ಮಡಿ ಉರಿಯುತ್ತದೆ, ಮಕ್ಕಳಿಗೆ ಬೂಟು ಹಾಕಿಸಿ. ಬದುವಿನ ಸಾಲಿನ ಕುಸುಬೆಗೆ ಕೈ ಹಾಕಬೇಡಿ, ದನ ಒಳಗೆ ಬರದಿರಲಿ ಅಂತಲೇ ಆ ಮುಳ್ಳಿನ ಗಿಡ ಅಂಚಿಗೆ ಹಾಕುವುದು.

ಹಸಿ ಕಡಲೆ ಕಾಯಿ ಕಟ್ಟಿರುವ ಹೊತ್ತು ಅದು. ಗಿಡ ಕಿತ್ತು ಬೆಂಕಿಗೆ ಹಿಡಿದು ಸುಟ್ಟು ತಿನ್ನುವ ರುಚಿ ಮಂಗಳೂರಿನಲ್ಲಿ ಎಲ್ಲಿ ಸಿಗಬೇಕು. ಆದರೆ ಕೇಳಿ ಕೀಳಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ತಾವೇ ಕಿತ್ತು ಕೊಡುತ್ತಾರೆ. ಕೇಳದೆ ಕಾರು ನಿಲ್ಲಿಸಿ ಕೀಳುವವರು ಜಾಸ್ತಿ ಆಗಿದ್ದಾರೆ. ರಸ್ತೆ ಪಕ್ಕದ ಎರಡು ಸಾಲಿನಲ್ಲಿ ಈಗ ಕಾಯಿಯೇ ಉಳಿಯುವುದಿಲ್ಲ.

ಇನ್ನೊಂದು, ಇದು ನಿಜಕ್ಕೂ ಮುಖ್ಯ. ಹಳ್ಳಿ ರಸ್ತೆಯಲ್ಲಿ ಹುರುಳಿ, ರಾಗಿ ಹರಡಿರುತ್ತಾರೆ, ವಾಹನ ಓಡಿ ಒಕ್ಕಣೆ ಆಗಲಿ ಅಂತ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಿದ ಉದಾಹರಣೆಗಳಿವೆ. ಪಕ್ಕದಲ್ಲಿ ಜಾಗ ಇದ್ದರೆ ಬಳಸಿ ಹೋಗಿ. ಇಲ್ಲದಿದ್ದರೆ ನಿಲ್ಲಿಸಿ ಸರಿಸಲು ಹೇಳಿ, ದಾಟಿದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡಿ. ದಾವಣಗೆರೆ ಸುತ್ತ ಮೆಕ್ಕೆಜೋಳದ ಕಾಳು ಒಣಹಾಕಿರುತ್ತಾರೆ, ಬೈಕಿನವರು ಜಾರಿ ಬೀಳುತ್ತಾರೆ. ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಊರಿಗೆ ಊರೇ ಕಣ ಮಾಡುವುದು ಬಿಟ್ಟಿದೆ, ಕಣದ ಜಾಗದಲ್ಲಿ ಮನೆ ಎದ್ದಿವೆ, ಟಾರು ರಸ್ತೆಯೊಂದೇ ಬಿಟ್ಟಿ ಕಣ.

ಬೆಣ್ಣೆದೋಸೆ:

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಬೆಳಿಗ್ಗೆ ಬುಡ, ಮಧ್ಯಾಹ್ನ ತುದಿ, ಇದು ಭಾವನಿಗೆ ಫೋನಲ್ಲೇ ಹೇಳಿದೆ, ಅವರಿಗೆ ನಂಬಿಕೆ ಬಂದಿಲ್ಲ. ಥರ್ಮಾಮೀಟರ್ ತರುತ್ತಾರಂತೆ!

ಇನ್ನೆರಡು ಪ್ರಶ್ನೆ. ಚಳ್ಳಕೆರೆ ಕಂಬಳಿ ಕೊಳ್ಳಬೇಕು ಅಂತ ಅಕ್ಕನ ಆಸೆ, ಎಲ್ಲಿ ಕೊಳ್ಳುವುದು? ಮತ್ತೆ ಹಳ್ಳಿಯೊಳಗೆ ಹೋಗುವ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಯಾರ ಪರಿಚಯವೂ ಇಲ್ಲದೆ ಹೋಗಿ ನಿಂತರೆ ಸರಿ ಇರುತ್ತದಾ?

ಹೊಸದುರ್ಗದ ಸೊಸೆ:

ಹಳ್ಳಿ ಪ್ರಶ್ನೆಗೆ ನಾನು ಹೇಳುತ್ತೇನೆ ತಮ್ಮಾ. ತವರು ದಾವಣಗೆರೆ, ಕೊಟ್ಟಿದ್ದು ಹೊಸದುರ್ಗದ ಹತ್ತಿರದ ಹಳ್ಳಿಗೆ. ಮೊದಲ ಡಿಸೆಂಬರಿನಲ್ಲಿ ಬೆಳಿಗ್ಗೆ ಐದಕ್ಕೆ ಮೈಕಿನಲ್ಲಿ ದೇವರ ಹಾಡು ಶುರುವಾದಾಗ ತವರಿಗೆ ವಾಪಸ್ ಹೋಗೋಣ ಅನ್ನಿಸಿತ್ತು.

ಅದು ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ. ಸೂರ್ಯ ಹುಟ್ಟುವ ಮೊದಲೇ ಗುಡಿಯಲ್ಲಿ ಪೂಜೆ ಮುಗಿದು ಹುಗ್ಗಿ ಹಂಚುತ್ತಾರೆ. ನಿಮಗೆ ಪರಿಚಯ ಯಾಕೆ ಬೇಕು? ಬೆಳಿಗ್ಗೆ ಆರಕ್ಕೆ ಗುಡಿ ಹತ್ತಿರ ಕಾರು ನಿಲ್ಲಿಸಿ, ಕೈ ಮುಗಿದು ನಿಂತರೆ ಸಾಕು. ಯಾವ ಊರು, ಯಾರ ಪೈಕಿ, ಎಲ್ಲ ಅವರೇ ಕೇಳುತ್ತಾರೆ. ಪ್ರಸಾದ ಕೈಗೆ ಬರುತ್ತದೆ. ಹಿಂದೆಯೇ ಕಾಫಿಗೆ ಬನ್ನಿ ಅನ್ನುತ್ತಾರೆ. ಆರು ಜನ ಒಟ್ಟಿಗೆ ಯಾರ ಮನೆಗೂ ನುಗ್ಗಬೇಡಿ, ಪಾಪ, ಆ ಹೊತ್ತಿನಲ್ಲಿ ಹೆಂಗಸರಿಗೆ ಹಾಲು ಕರೆದು ಡೈರಿಗೆ ಕಳಿಸುವ ಗಡಿಬಿಡಿ.

ಆ ಹೊತ್ತಿನ ಊರು ನೋಡಲು ಚೆಂದ. ಎಲ್ಲ ಮನೆಯ ಬಚ್ಚಲಲ್ಲೂ ಹಂಡೆ ಒಲೆ ಹೊತ್ತಿರುತ್ತದೆ, ತೆಂಗಿನ ಮಟ್ಟೆ, ಗರಿ, ಕರಟ ಹಾಕಿ ನೀರು ಕಾಯಿಸುತ್ತಾರೆ. ಆ ಹೊಗೆ ಮೇಲಕ್ಕೆ ಹೋಗುವುದೇ ಇಲ್ಲ, ಹೆಂಚಿನಿಂದ ಸ್ವಲ್ಪ ಮೇಲೆ ಅಡ್ಡಡ್ಡ ಹರಡಿ ಊರ ತುಂಬಾ ನಿಂತುಬಿಡುತ್ತದೆ. ಮೇಷ್ಟ್ರು ಹೇಳಿದ್ದು ಓದಿದ ಮೇಲೆ ಈಗ ಅರ್ಥ ಆಯಿತು ಯಾಕೆ ಅಂತ. ಕೆಳಗೆ ತಣ್ಣಗೆ, ಮೇಲೆ ಬೆಚ್ಚಗೆ, ಅಲ್ವಾ ಮೇಷ್ಟ್ರೇ?

ಊರ ಹೊರಗೆ ರಾಗಿ ಮೆದೆಗಳು. ಕೊಯ್ದ ರಾಗಿಯನ್ನು ತೆನೆ ಒಳಗೆ ಬರುವ ಹಾಗೆ ಜೋಡಿಸಿ ಗುಂಡಗೆ ಒಟ್ಟುತ್ತಾರೆ. ಪುರುಸೊತ್ತಾದಾಗ ಒಕ್ಕುತ್ತಾರೆ, ಈಗ ಎಲ್ಲ ಮಿಷನ್. ರೋಣಗಲ್ಲು ಬಹಳ ಮನೆಗಳ ಮುಂದೆ ಕೂರುವ ಕಲ್ಲಾಗಿದೆ. ಅವರೆಕಾಯಿ ಸೀಜನ್ ಬೇರೆ. ಇಬ್ಬನಿ ಬಿದ್ದ ಅವರೆಯ ಸೊಗಡೇ ಬೇರೆ, ಕೈಗೆ ಹತ್ತಿದರೆ ಸಂಜೆ ತನಕ ಹೋಗುವುದಿಲ್ಲ. ಸಂತೆಯಲ್ಲಿ ಕೊಳ್ಳುವಾಗ ಸಿಪ್ಪೆ ಮೂಸಿ ನೋಡಿ ಕೊಳ್ಳಿ.

ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ, ಹೆಂಗಸರು ಇದ್ದಾರೆ. ಶೌಚಾಲಯದ ವ್ಯವಸ್ಥೆ ಹೈವೇ ಬಿಟ್ಟ ಮೇಲೆ ಸಿಗುತ್ತದೆ ಅಂತ ನಂಬಬೇಡಿ. ತಾಲೂಕು ಊರಿನ ಹೋಟೆಲಿನಲ್ಲೇ ಮುಗಿಸಿ ಹೊರಡಿ. ಇದನ್ನು ಯಾವ ಗಂಡಸೂ ಬರೆಯುವುದಿಲ್ಲ ನೋಡಿ.

ಬೆಂಕಿ ಕಾಯಿಸುತ್ತಾ ಕೂತ ಅಜ್ಜಂದಿರ ಫೋಟೊ ತೆಗೆಯುವ ಮೊದಲು ಅವರ ಜೊತೆ ಐದು ನಿಮಿಷ ಕೂತು ಕೈ ಕಾಯಿಸಿ. ಆಮೇಲೆ ಅವರೇ ಪೇಟ ಸರಿ ಮಾಡಿಕೊಂಡು ತೆಗಿ ಅನ್ನುತ್ತಾರೆ.

ಕಾವಲು:

ಕಂಬಳಿ ವಿಷಯಕ್ಕೆ ಬಂದೆ. ಊರು ಚಳ್ಳಕೆರೆ.

ಕಂಬಳಿಯನ್ನು ಹೈವೇ ಪಕ್ಕ ನೇತು ಹಾಕಿದ್ದು ನೋಡಿ ಕೊಳ್ಳಬೇಡಿ. ಅದರಲ್ಲಿ ಮಿಲ್ಲಿನ ನೂಲಿನದ್ದೂ ಸೇರಿರುತ್ತದೆ. ಊರೊಳಗೆ ಬನ್ನಿ, ನೇಕಾರರ ಮನೆ ಎಲ್ಲಿ ಅಂತ ಕೇಳಿ. ನಮ್ಮ ಕುರಿಯ ಉಣ್ಣೆ ಒರಟು, ಹೆಂಗಸರು ನೂಲುತ್ತಾರೆ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಉಜ್ಜುತ್ತಾರೆ, ಇಲ್ಲದಿದ್ದರೆ ಎಳೆ ನಿಲ್ಲುವುದಿಲ್ಲ. ಹೊಸ ಕಂಬಳಿ ಅಷ್ಟು ಗಟ್ಟಿ ಇರುವುದು ಆ ಗಂಜಿಯಿಂದಲೇ. ಚುಚ್ಚುತ್ತದೆ, ವಾಸನೆ ಇರುತ್ತದೆ. ಚುಚ್ಚದೆ ಮೆತ್ತಗಿದ್ದರೆ ಅನುಮಾನ ಪಡಿ.

ಕಂಬಳಿ ಕೊಳ್ಳಲು ಬಂದವರು ಕುರಿಯನ್ನೂ ನೋಡಿಕೊಂಡು ಹೋಗಿ. ಶೇಂಗಾ ಕಿತ್ತ ಹೊಲಗಳಲ್ಲಿ ಈಗ ಕುರಿ ಮಂದೆ ಹಾಕಿಸುತ್ತಾರೆ. ರಾತ್ರಿ ಕುರಿ ಹೊಲದಲ್ಲೇ ಮಲಗಿದರೆ ಗೊಬ್ಬರ, ಅದಕ್ಕೆ ಹೊಲದವರು ಕುರಿಯವರಿಗೆ ದುಡ್ಡೋ ಕಾಳೋ ಕೊಡುತ್ತಾರೆ. ಸುತ್ತ ಬಲೆ ಕಟ್ಟಿ, ನಡುವೆ ಕುರಿ, ಪಕ್ಕದಲ್ಲಿ ಕಂಬಳಿ ಹೊದ್ದು ಕುರಿಯವರು. ಇವರಿಗೆ ಮನೆ ಮಾಡು ಏನೂ ಇಲ್ಲ, ಚಳಿ ಎಷ್ಟಿತ್ತು ಅಂತ ಅವರನ್ನು ಕೇಳಿ, ಥರ್ಮಾಮೀಟರ್ ಬೇಕಿಲ್ಲ. ಬಿಸಿಲೇರುವ ಮೊದಲು ಹೋಗಿ, ಆಮೇಲೆ ಮೇಯಿಸಲು ಹೊರಟುಬಿಡುತ್ತಾರೆ. ನಾಯಿಗಳಿವೆ, ದೂರದಿಂದಲೇ ಕೂಗಿ.

ನಮ್ಮ ಕಡೆ ಮಂಜಿಲ್ಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ನಮ್ಮದೂ ಒಂದು. ಆದರೆ ಹುಲ್ಲುಗಾವಲಿದೆ, ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲು. ಚಳಿಗಾಲಕ್ಕೆ ಮಧ್ಯ ಏಷ್ಯಾ ಕಡೆಯಿಂದ ಹ್ಯಾರಿಯರ್ ಹಕ್ಕಿಗಳು ಬರುತ್ತವೆ, ಗಿಡುಗನ ಜಾತಿ. ಹುಲ್ಲಿಗೆ ತಾಗುವಷ್ಟು ಕೆಳಗೆ ಹಾರುತ್ತವೆ, ರಾತ್ರಿ ಮರ ಹತ್ತುವುದಿಲ್ಲ, ಹುಲ್ಲಲ್ಲೇ ನೆಲದ ಮೇಲೆ ಗುಂಪಾಗಿ ಮಲಗುತ್ತವೆ. ಕಾವಲಿನ ದೊಡ್ಡ ಪಾಲಿಗೆ ಈಗ ಗೋಡೆ, ಬೇಲಿ. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ಕೇಂದ್ರ, ವಿಜ್ಞಾನ ಸಂಸ್ಥೆಗಳು ಅಲ್ಲೇ ಇವೆ. ಡ್ರೋನ್ ತಂದಿದ್ದರೆ ಡಿಕ್ಕಿಯಲ್ಲೇ ಇರಲಿ. ಹುಲ್ಲು ಉಳಿದದ್ದರಲ್ಲಿ ಹಕ್ಕಿ, ದನ, ಕುರಿ ಎಲ್ಲ ಹಂಚಿಕೊಳ್ಳಬೇಕು. ಆ ಜಗಳ ಇಲ್ಲಿ ಬೇಡ, ಬೇರೆ ಕಡೆ ಬರೆಯುತ್ತೇನೆ.

ಕಾಡುಗೊಲ್ಲರ ಹಟ್ಟಿ ಕಡೆ ಹೋದರೆ ಕೇಳದೆ ಒಳಗೆ ಹೋಗಬೇಡಿ. ಗುಡಿ ಸುತ್ತ ಚಪ್ಪಲಿ ಹಾಕುವ ಹಾಗಿಲ್ಲ. ಸಂಕ್ರಾಂತಿ ಸುಮಾರಿಗೆ ಬರುವುದಾಗಿದ್ದರೆ ಪುರ್ಲೆಹಳ್ಳಿ ಹತ್ತಿರ ಕ್ಯಾತೇದೇವರ ಜಾತ್ರೆ ನೋಡಿ ಅನ್ನುತ್ತಿದ್ದೆ. ಬಾರೇ ಮುಳ್ಳನ್ನು ಎತ್ತರಕ್ಕೆ ಒಟ್ಟಿ ದೇವರ ಗುಡಿ ಕಟ್ಟಿರುತ್ತಾರೆ, ಗೊಲ್ಲರ ಹುಡುಗರು ಬರಿಗಾಲಲ್ಲಿ ಆ ಮುಳ್ಳು ಹತ್ತಿ ಮೇಲಿನ ಕಳಶ ತರುತ್ತಾರೆ. ನಿಮ್ಮ ತಾರೀಖಿಗೆ ಸಿಗುವುದಿಲ್ಲ.

ಎರಡನೇ ದಿನ ಖಾಲಿ ಇದ್ದರೆ ಮೊಳಕಾಲ್ಮೂರಿಗೆ ಹೊಡೆಯಿರಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರರಲ್ಲೂ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಅಂತ ಬರೆಸಿದ್ದಾನೆ, ಮಕ್ಕಳಿಗೆ ಓದಿ ಹೇಳಲು ಅನುಕೂಲ. ಕೆತ್ತಿದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು ತಾನು ಲಿಪಿಕಾರ ಅನ್ನುವುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಜಟಿಂಗ ರಾಮೇಶ್ವರಕ್ಕೆ ಮೆಟ್ಟಿಲು ಬಹಳ, ಅಪ್ಪನನ್ನು ಹತ್ತಿಸಬೇಡಿ. ಬೇಸಿಗೆಯಲ್ಲಿ ಆ ಬಂಡೆಗಳ ಹತ್ತಿರ ಹೋಗಲು ಆಗುವುದಿಲ್ಲ, ರೊಟ್ಟಿ ಕಾವಲಿಯ ಹಾಗೆ ಕಾದಿರುತ್ತವೆ. ಅಲ್ಲಿಗೆ ಹೋಗುವುದಿದ್ದರೆ ಡಿಸೆಂಬರ್, ಜನವರಿಯೇ.

ನಿವೃತ್ತ ಮೇಷ್ಟ್ರು:

ಹೊಸದುರ್ಗದ ತಾಯಿ, ಹೊಗೆಯ ಮಾತು ನೂರಕ್ಕೆ ನೂರು ಸರಿ. ಬೆಚ್ಚಗಿನ ಪದರ ಮೇಲೆ ಇರುವ ತನಕ ಹೊಗೆ ಅದನ್ನು ದಾಟಿ ಏರಲಾರದು. ಬಿಸಿಲು ನೆಲ ಕಾಯಿಸಿದ ಮೇಲೆ ಪದರ ಒಡೆದು ಹೊಗೆ ನೆಟ್ಟಗೆ ಏಳುತ್ತದೆ. ನಾನು ಪಾಠ ಮಾಡುವಾಗ ಈ ಉದಾಹರಣೆ ಹೊಳೆದಿದ್ದರೆ ಹುಡುಗರಿಗೆ ಬೇಗ ತಲೆಗೆ ಹೋಗುತ್ತಿತ್ತು.

ಥರ್ಮಾಮೀಟರ್ ತರುವ ಭಾವನಿಗೆ ಹೇಳಿ, ಕಾರಿನ ಒಳಗಿಟ್ಟು ನೋಡಬಾರದು. ನೆರಳಲ್ಲಿ, ಎದೆಯ ಎತ್ತರಕ್ಕೆ ಹಿಡಿದು, ಐದು ನಿಮಿಷ ಬಿಟ್ಟು ಓದಬೇಕು. ಆರೂವರೆಗೆ ಚಂದ್ರವಳ್ಳಿಯಲ್ಲಿ ಒಮ್ಮೆ, ಮಧ್ಯಾಹ್ನ ಜೋಗಿಮಟ್ಟಿ ಮೇಲೆ ಒಮ್ಮೆ. ಅಂಕಿ ಇಲ್ಲಿ ಹಾಕಲಿ.

ಕಾಫಿತೋಟ:

ಕಡಲೆ ಹುಳಿ ವಿಷಯ ಗೊತ್ತಿರಲಿಲ್ಲ. ಉಳಿದದ್ದಕ್ಕೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮಂಜು ನಮ್ಮದೇ.

ಬೆಣ್ಣೆದೋಸೆ:

ಸರಿ, ಹೀಗೆ ಮಾಡುತ್ತೇನೆ. ಮೊದಲ ದಿನ ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟು ಚಂದ್ರವಳ್ಳಿ, ದುರ್ಗದಲ್ಲಿ ತಿಂಡಿ, ತುರುವನೂರು ಕಡೆ ಕಡಲೆ ಹೊಲ, ಮಧ್ಯಾಹ್ನ ಜೋಗಿಮಟ್ಟಿ, ರಾತ್ರಿ ದುರ್ಗದಲ್ಲೇ ರೂಮು. ಎರಡನೇ ದಿನ ಕತ್ತಲಿರುವಾಗಲೇ ಚಳ್ಳಕೆರೆ ರಸ್ತೆ, ಕುರಿ ಮಂದೆ, ಕಂಬಳಿ, ಆಮೇಲೆ ಬ್ರಹ್ಮಗಿರಿ, ಸಿದ್ದಾಪುರ. ಸೂಳೆಕೆರೆ ಮನೆಗೆ ಹತ್ತಿರ, ಅದನ್ನು ಬೇರೆ ಒಂದು ಬೆಳಿಗ್ಗೆಗೆ ಇಟ್ಟುಕೊಳ್ಳುತ್ತೇನೆ. ಹೊಸದುರ್ಗ ಈ ಸಲ ಆಗುವುದಿಲ್ಲ ಅಕ್ಕಾ. ಗುಡಿ ಹುಗ್ಗಿಯನ್ನು ದಾರಿಯ ಯಾವುದಾದರೂ ಊರಲ್ಲಿ ಹಿಡಿಯುತ್ತೇವೆ.

ಕಾವಲು ಅಣ್ಣ, ಕಂಬಳಿ ಮಂಗಳೂರಿಗೆ ಹೋಗುತ್ತದೆ. ಅಲ್ಲಿನ ಸೆಕೆಗೆ, ತೇವಕ್ಕೆ ಹಾಳಾಗುವುದಿಲ್ಲವಾ? ಒಗೆಯಬಹುದಾ?

ಕಾವಲು:

ಸೋಪು ಹಾಕಿ ಒಗೆಯಬೇಡಿ, ವಾಷಿಂಗ್ ಮಿಷನ್‌ಗಂತೂ ಹಾಕಲೇಬೇಡಿ, ಕುಗ್ಗಿ ಗಂಟಾಗುತ್ತದೆ. ಕೊಡವಿ ಬಿಸಿಲಿಗೆ ಹಾಕಿದರೆ ಸಾಕು. ಮಂಗಳೂರಿನಲ್ಲಿ ಹೊದ್ದುಕೊಳ್ಳುವ ಚಳಿ ಬರುವುದಿಲ್ಲ, ನೆಲಕ್ಕೆ ಹಾಸಿಕೊಳ್ಳಲಿ. ಮಳೆಗಾಲದಲ್ಲಿ ಬೀರುವಿನಲ್ಲಿ ಮಡಚಿಟ್ಟರೆ ಹುಳ ಬೀಳುತ್ತದೆ, ಬೇವಿನ ಸೊಪ್ಪು ಒಣಗಿಸಿ ಮಡಿಕೆ ನಡುವೆ ಇಡಲು ಹೇಳಿ.

ಮತ್ತೆ ಮೊಳಕಾಲ್ಮೂರು ತನಕ ಹೋಗಿ ರೇಷ್ಮೆ ಸೀರೆ ನೇಯುವವರ ಮನೆ ನೋಡದೆ ಅಕ್ಕ ವಾಪಸ್ ಬರುತ್ತಾರೆ ಅಂದುಕೊಂಡಿದ್ದೀರಾ? ಶಾಸನಕ್ಕೆ ಒಂದು ಗಂಟೆ ಇಡಿ, ಸೀರೆಗೆ ಮೂರು ಗಂಟೆ ಇಡಿ. ಭಾವನಿಗೆ ಈಗಲೇ ಹೇಳಿಬಿಡಿ.